ಪದಚರ್ಚೆ: ಕುರಿಗಳ ‘ಟ್ರೇಸ್ ಎಲಿಮೆಂಟ್’ಗೆ ‘ಜಾಡಿನ ಧಾತು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಮಳವಳ್ಳಿ, ತಿ. ನರಸೀಪುರ ಕಡೆಯ ಕುರಿ ಸಾಕುವವರಿಗೆಂದು ತಯಾರಾಗುತ್ತಿರುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಮೇಯುವ ಕುರಿಗಳಿಗೆ ತಾಮ್ರ, ಕೋಬಾಲ್ಟ್, ಸೆಲೆನಿಯಂ, ಅಯೋಡಿನ್ ಸಾಲದೇ ಹೋದರೆ ಏನಾಗುತ್ತದೆ, ಏನು ಮಾಡಬೇಕು ಎನ್ನುವುದು ವಿಷಯ. ಮೂಲ ಇಂಗ್ಲಿಷಿನದು, ಕನ್ನಡ ಮಾಡಿದ್ದು ಯಂತ್ರ ಎಂಬ ಗುಮಾನಿ. ಇಂಥ, ಮೈಗೆ ಅತ್ಯಲ್ಪ ಪ್ರಮಾಣದಲ್ಲಷ್ಟೇ ಬೇಕಾದ ಧಾತುಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಟ್ರೇಸ್ ಎಲಿಮೆಂಟ್’ ಇಲ್ಲಿ ‘ಜಾಡಿನ ಧಾತು’ ಆಗಿದೆ. ‘ಸ್ವೇಬ್ಯಾಕ್’ ‘ತೂಗುಬೆನ್ನು’ ಆಗಿದೆ. ‘ಪೈನ್’ ಎಂಬ ಕಾಯಿಲೆ ‘ಪೈನ್ ಮರದ ರೋಗ’! ‘ಡ್ರೆಂಚ್’ ಬಂದಲ್ಲೆಲ್ಲ ‘ಕುರಿಗಳನ್ನು ದ್ರಾವಣದಲ್ಲಿ ತೋಯಿಸಿ’ ಎಂದಿದೆ. ‘ಅತ್ಯಲ್ಪ ಪ್ರಮಾಣ’ ಎಂದಿದ್ದ ಕಡೆ ಯಾರೋ ‘ಒಂದು ಚಿಟಿಕೆ’ ಎಂದು ಕೈಯಲ್ಲಿ ಬರೆದಿದ್ದಾರೆ. ಓದಲು ಹಿತವಾಗಿದೆ, ಉಳಿಸಿಕೊಳ್ಳಬಹುದೇ? ಪದ ಬಲ್ಲವರೂ ಕುರಿ ಬಲ್ಲವರೂ ದಯವಿಟ್ಟು ತಿಳಿಸಿ.

—

ಉತ್ತರ (ಮೈಸೂರಿನಿಂದ, ಪಶುವೈದ್ಯರು)

ಮೇಡಂ, ಮೊದಲು ಆ ಚಿಟಿಕೆಯನ್ನು ಹೊಡೆದುಹಾಕಿ. ಮಿಕ್ಕ ಪದಗಳು ತಪ್ಪಿದರೆ ಓದುಗ ನಗುತ್ತಾನೆ, ಇದು ತಪ್ಪಿದರೆ ಕುರಿ ಸಾಯುತ್ತದೆ. ದಿನಕ್ಕೆ ಸುಮಾರು 1 ಕೆಜಿ ‘ಡ್ರೈ ಮ್ಯಾಟರ್’ ತಿನ್ನುವ ಕುರಿಗೆ ಸೆಲೆನಿಯಂ ಬೇಕಿರುವುದು 0.1ರಿಂದ 0.2 ಮಿಲಿಗ್ರಾಂ. ಚಿಟಿಕೆಯೆಂದರೆ 300 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳಿ. ಸೆಲೆನಿಯಂ ಕೊಡಲು ಬಳಸುವ ಸೋಡಿಯಂ ಸೆಲೆನೈಟ್‌ ಎಂಬ ಲವಣದಲ್ಲಿ ಶೇ. 45ರಷ್ಟು ಸೆಲೆನಿಯಂ ಇರುವುದರಿಂದ ಒಂದು ಚಿಟಿಕೆಗೆ 135 ಮಿಲಿಗ್ರಾಂ ಬರುತ್ತದೆ. 25 ಕೆಜಿಯ ಕುರಿಯ ಜೀವ ತೆಗೆಯಲು ಅಷ್ಟು ಸಾಕು. ಕೋಬಾಲ್ಟ್ ಸಲ್ಫೇಟ್ ಅಷ್ಟು ಕ್ರೂರಿಯಲ್ಲ, ಆದರೂ ಚಿಟಿಕೆಯ ಲೆಕ್ಕ ದಿನದ ಅಗತ್ಯದ ನೂರಾರು ಪಟ್ಟಾಗುತ್ತದೆ. ಇವನ್ನು ಮನೆಯಲ್ಲಿ ಅಳೆದು ಬೆರೆಸುವ ಮಾತೇ ಬೇಡ. ತಯಾರಾದ ಖನಿಜ ಮಿಶ್ರಣದ ಮೂಲಕವೇ ಹೋಗಬೇಕು ಎಂದು ಬರೆಯಿರಿ.

‘ಡ್ರೈ ಮ್ಯಾಟರ್’ ಎಂದೆನಲ್ಲ, ಕರಡಿನಲ್ಲಿ ಅದು ‘ಒಣಹುಲ್ಲು’ ಆಗಿದ್ದರೆ ಅದನ್ನೂ ತಿದ್ದಿ. ಅದು ನೀರಿನಂಶ ಕಳೆದ ಮೇಲೆ ಉಳಿಯುವ ಮೇವಿನ ತೂಕ. 4–5 ಕೆಜಿ ಹಸಿಹುಲ್ಲು ತಿಂದರೆ ಸುಮಾರು 1 ಕೆಜಿ. ‘ಒಣ ಅಂಶ’ ಎಂದು ಹಾಕಿ, ಈ ಉದಾಹರಣೆಯನ್ನು ಪಕ್ಕದಲ್ಲಿಟ್ಟರೆ ಅರ್ಥವಾಗುತ್ತದೆ.

‘ಡ್ರೆಂಚ್’ ಎಂದರೆ ಕುಡಿಸುವುದು. ನಮ್ಮ ಕಡೆ ಬಿದಿರಿನ ಗೊಟ್ಟದಲ್ಲಿ ದನಕರುಗಳಿಗೆ ಮದ್ದು ಕುಡಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಸಿರಿಂಜು ಬಂದಿದೆ. ‘ಬಾಯಿಗೆ ಕುಡಿಸಿ’ ಎಂದರೆ ಸಾಕು, ಆದರೆ ಹೇಗೆ ಎನ್ನುವುದನ್ನು ಬಿಡಬೇಡಿ. ಕುರಿಯ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಸಿರಿಂಜನ್ನು ಬಾಯಿಯ ಮೂಲೆಯಿಂದ, ಹಲ್ಲಿಲ್ಲದ ಸಂದಿಯಲ್ಲಿ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಬೇಕು. ತಲೆ ಎತ್ತಿ ಹಿಡಿದು ಒಮ್ಮೆಲೇ ಸುರಿದರೆ ಮದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಬೇಕು.

‘ಪೈನ್’ ಎಂದರೆ ಕೋಬಾಲ್ಟ್ ಸಾಲದೆ ಬರುವ ಕಾಯಿಲೆ, ಅದಕ್ಕೆ ಕನ್ನಡದ ‘ಸೊರಗು’ ಹೇಳಿ ಮಾಡಿಸಿದಂತಿದೆ. ಒಂದೇ ತೊಡಕು: ಟೊಮೆಟೊ, ಬದನೆ ಬೆಳೆಯುವವರಿಗೆ ‘ಸೊರಗು ರೋಗ’ ಎಂದರೆ ಗಿಡ ಬಾಡುವ ರೋಗ. ‘ಕೋಬಾಲ್ಟ್ ಸೊರಗು’ ಎಂದರೆ ಗೊಂದಲವಿರದು. ಹಾಲು ಬಿಡಿಸಿದ ಮರಿಗಳಲ್ಲಿ ಹೆಚ್ಚು. ಹಸಿರು ಹುಲ್ಲಿನ ನಡುವೆ ನಿಂತೂ ಮೇಯುವುದಿಲ್ಲ, ಕಣ್ಣೀರು ಸುರಿದು ಕೆನ್ನೆ ಒದ್ದೆಯಾಗಿರುತ್ತದೆ, ತುಪ್ಪಟ ಒರಟಾಗುತ್ತದೆ, ಕೆಳರೆಪ್ಪೆಯ ಒಳಭಾಗ ಬಿಳಚಿಕೊಳ್ಳುತ್ತದೆ. ಜಂತುಹುಳದ ಕಾಟದಲ್ಲೂ ಬಹುಮಟ್ಟಿಗೆ ಇದೇ ಚಿತ್ರ, ಅದಕ್ಕೆ ಮೊದಲು ಹಿಕ್ಕೆ ಪರೀಕ್ಷೆ. ಇನ್ನೊಂದು ವಿಷಯ. ಕುರಿಗೆ ಬೇಕಿರುವುದು ಬಿ12 ಜೀವಸತ್ವ. ಮೊದಲ ಹೊಟ್ಟೆಯ (ರೂಮೆನ್) ಸೂಕ್ಷ್ಮಜೀವಿಗಳು ಕೋಬಾಲ್ಟ್ ಬಳಸಿ ಅದನ್ನು ತಯಾರಿಸಿಕೊಡುತ್ತವೆ. ಆದ್ದರಿಂದ ಕೋಬಾಲ್ಟ್ ಹೊಟ್ಟೆಗೆ ಹೋಗಬೇಕು, ಸೂಜಿಯಲ್ಲಿ ಕೊಡುವುದಾದರೆ ಬಿ12 ಅನ್ನೇ ಕೊಡಬೇಕು. ಕರಡಿನಲ್ಲಿ ‘ಕೋಬಾಲ್ಟ್ ಚುಚ್ಚುಮದ್ದು’ ಎಂದೇನಾದರೂ ಇದ್ದರೆ ಅದು ಅನುವಾದದ ಎಡವಟ್ಟು.

‘ಸ್ವೇಬ್ಯಾಕ್’ನಲ್ಲಿ ಬೆನ್ನಿಗೇನೂ ಆಗಿರುವುದಿಲ್ಲ. ಗಬ್ಬದಲ್ಲಿದ್ದಾಗ ತಾಯಿಯ ತಾಮ್ರ ಸಾಲದೆ ಮರಿಯ ನರಗಳ ಹೊದಿಕೆ ಸರಿಯಾಗಿ ಬೆಳೆದಿರುವುದಿಲ್ಲ. ಕೆಲವು ಮರಿಗಳು ಹುಟ್ಟುತ್ತಲೇ ಏಳಲಾರವು. ಕೆಲವು ಚೆನ್ನಾಗಿದ್ದು, ವಾರಗಳ ನಂತರ ಅಟ್ಟಿಸಿಕೊಂಡು ಹೋದಾಗ ಹಿಂಭಾಗ ಅತ್ತಿತ್ತ ವಾಲಿ ಕುಸಿಯುತ್ತವೆ. ‘ಹಿಂಗಾಲು ಜೋಲಿ’ ಎನ್ನಬಹುದೇನೋ. ಸೆಲೆನಿಯಂ ಕೊರತೆಯ ‘ಬಿಳಿ ಸ್ನಾಯು ರೋಗ’ದಲ್ಲಿ ನಡಿಗೆ ಬಿಗಿಯಾಗಿರುತ್ತದೆ, ಮುಟ್ಟಿದರೆ ನೋವು, ಜೋಲಿಯಲ್ಲಿ ಬಿಗಿತವೂ ಇಲ್ಲ, ನೋವೂ ಇಲ್ಲ. ಈ ವ್ಯತ್ಯಾಸ ಹೆಸರಿಗಿಂತ ಮುಖ್ಯ. ಜೋಲಿ ಬಂದ ಮರಿಗೆ ತಾಮ್ರ ಕೊಟ್ಟರೆ ಕೆಟ್ಟ ನರ ಮತ್ತೆ ಸರಿಹೋಗದು. ಗಬ್ಬದ ನಡುಗಾಲದಲ್ಲಿ ತಾಯಿಗೆ ಕೊಡಬೇಕು, ಅದೂ ಕೊರತೆ ಪರೀಕ್ಷೆಯಲ್ಲಿ ಖಚಿತವಾಗಿದ್ದರೆ ಮಾತ್ರ.

ಯಾಕೆಂದರೆ ತಾಮ್ರದ ವಿಷಯದಲ್ಲಿ ಕುರಿ ದನದಂತಲ್ಲ. ಒಣ ಅಂಶದ ಲೆಕ್ಕದಲ್ಲಿ ಕೆಜಿಗೆ 7–11 ಮಿಲಿಗ್ರಾಂ ಸಾಕು, 15 ದಾಟಿದರೆ ಅಪಾಯ. ಹಸುವಿನ ಖನಿಜ ಮಿಶ್ರಣದ ಚೀಟಿಯಲ್ಲಿ ‘ಕೆಜಿಗೆ ತಾಮ್ರ 1,000 ಮಿಲಿಗ್ರಾಂ’ ಎಂದಿದ್ದರೆ, 10 ಗ್ರಾಂ ಹಾಕಿದಾಗ 10 ಮಿಲಿಗ್ರಾಂ ಹೋಯಿತು. ಮೇವಿನಲ್ಲಿ ಆಗಲೇ 8 ಇದ್ದರೆ ಒಟ್ಟು 18. ಹೆಚ್ಚಾದದ್ದು ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಸದ್ದಿಲ್ಲದೆ ಸೇರುತ್ತದೆ. ಒಂದು ದಿನ ಸಾಗಣೆಯ ಆಯಾಸವೋ ಮೇವಿನ ಅಭಾವವೋ ನೆಪವಾಗಿ ರಕ್ತಕ್ಕೆ ಇಳಿಯುತ್ತದೆ: ಕಣ್ಣು ಹಳದಿ, ಮೂತ್ರ ಕಡುಗೆಂಪು, ಒಂದೆರಡು ದಿನದಲ್ಲಿ ಸಾವು. ಗೊರಸು ಕೊಳೆತಕ್ಕೆ ಕಾಲು ಅದ್ದಿಸಲು ಇಟ್ಟ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ಕುಡಿದೂ ಹೀಗಾಗಬಹುದು. ಕಾಲು ಅದ್ದಿಸಲು ಅದರ ಬದಲು 10 ಲೀಟರ್ ನೀರಿಗೆ 1 ಕೆಜಿ ಸತುವಿನ ಸಲ್ಫೇಟ್ ಮೇಲು.

—

ಉತ್ತರ (ಮಂಡ್ಯದಿಂದ)

ಡಾಕ್ಟರ ಮಾತಿಗೆ ಪದದ ಕಡೆಯಿಂದ ಒಂದಿಷ್ಟು.

‘ಜಾಡು’ ಎಂದರೆ ಹೆಜ್ಜೆಗುರುತು. ನಮ್ಮ ಹಳ್ಳಿಗಳಲ್ಲಿ ‘ಜಾಡ್ಯ’ ಎಂದರೆ ಕಾಯಿಲೆ, ಹಾಗಾಗಿ ‘ಜಾಡಿನ ಧಾತು’ ಕೇಳಿದವರು ರೋಗ ತರುವ ಧಾತು ಎಂದುಕೊಂಡರೂ ಆಶ್ಚರ್ಯವಿಲ್ಲ. ‘ಲೇಶ ಧಾತು’ ಶಾಸ್ತ್ರೀಯ, ಆದರೆ ನಾವು ‘ಲವಲೇಶ’ವನ್ನು ‘ಇಲ್ಲ’ದ ಜೊತೆಗೇ ಬಳಸುವುದು ಹೆಚ್ಚು. ‘ಲಘು ಪೋಷಕಾಂಶ’ ಭತ್ತ, ಕಬ್ಬು ಬೆಳೆಯುವವರಿಗೆಲ್ಲ ಗೊತ್ತು. ಗೊತ್ತಿರುವುದೇ ಇಲ್ಲಿ ತೊಂದರೆ. ಗೊಬ್ಬರದ ಅಂಗಡಿಯಲ್ಲಿ ಅದೇ ಹೆಸರಿನ ಪೊಟ್ಟಣ ಸಿಗುತ್ತದೆ, ಅದು ಬೆಳೆಗೆ ಸಿಂಪಡಿಸುವುದು. ಕುರಿಯ ಬಾಯಿಗೆ ಹೋಗಬಾರದು. ನನ್ನ ಮತ ‘ಲಘು ಖನಿಜ’ಕ್ಕೆ. ‘ಖನಿಜ ಮಿಶ್ರಣ’ ಆಗಲೇ ಬಳಕೆಯಲ್ಲಿದೆ, ಅದರ ಪಕ್ಕಕ್ಕೆ ಕೂರುತ್ತದೆ.

ಇನ್ನು ‘ಸೆಕೆಂಡರಿ ಡೆಫಿಷಿಯೆನ್ಸಿ’. ಕರಡಿನಲ್ಲಿ ‘ದ್ವಿತೀಯ ಕೊರತೆ’ ಎಂದೇ ಇರಬೇಕು. ಮೇವಿನಲ್ಲಿ ತಾಮ್ರವಿದ್ದೂ, ಮಾಲಿಬ್ಡಿನಂ ಮತ್ತು ಗಂಧಕ ಮೊದಲ ಹೊಟ್ಟೆಯಲ್ಲೇ ಅದನ್ನು ಕಟ್ಟಿಹಾಕುವ ಸ್ಥಿತಿ ಅದು. ಗದ್ದೆಯ ಕೂಳೆ ಮೇಯುವಾಗ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುವ ಮಣ್ಣಿನ ಕಬ್ಬಿಣವೂ ತಾಮ್ರಕ್ಕೆ ಅಡ್ಡ ಬರುತ್ತದೆ. ತಿಂದದ್ದು ‘ಮೈಗೆ ಹತ್ತಲಿಲ್ಲ’ ಎನ್ನುತ್ತೇವಲ್ಲ, ‘ಮೈಗೆ ಹತ್ತದ ಕೊರತೆ’ ಎಂದರೆ ಯಾರಿಗೂ ತಿಳಿಯುತ್ತದೆ. ಮೇವನ್ನಷ್ಟೇ ಪರೀಕ್ಷೆಗೆ ಕಳಿಸಿದರೆ ಸಾಲದು ಎಂಬುದೂ ಆ ಹೆಸರಲ್ಲೇ ಇದೆ.

ಒಂದು ಅನುಮಾನ. ‘ಉಣ್ಣೆಯ ಸುರುಳಿ ಬಿಚ್ಚಿಕೊಳ್ಳುವುದು’ ತಾಮ್ರದ ಕೊರತೆಯ ಲಕ್ಷಣವೆಂದು ಕರಡಿನಲ್ಲಿದ್ದರೆ ನಮ್ಮ ಕಡೆಯ ಬಂಡೂರು ತಳಿಯ ಕುರಿಗೆ ಅದು ಹೊಂದೀತೇ?

—

ಉತ್ತರ (ಮೈಸೂರಿನಿಂದ)

ಹೊಂದದು, ತೆಗೆಯಿರಿ. ಅದು ಮೆರಿನೊದಂಥ ನಯವಾದ ಉಣ್ಣೆಯ ತಳಿಗಳ ಮಾತು. ಬಂಡೂರಿನದು ಒರಟು ಕೂದಲು, ಮೈಯೂ ಬಹುಪಾಲು ಬಿಳಿ, ಹಾಗಾಗಿ ತಾಮ್ರ ಸಾಲದಾಗ ಕೂದಲಿನ ಬಣ್ಣ ಮಾಸುವುದೂ ಕಾಣುವುದಿಲ್ಲ. ಕರಿಕುರಿ ಸಾಕಿದವರಿಗೆ ಮಾತ್ರ ಆ ಗುರುತು ಉಪಯೋಗ.

ಅಯೋಡಿನ್ ಭಾಗವನ್ನೂ ನೋಡಿಬಿಡಿ. ‘ಗಾಯಿಟರ್’, ‘ಬಾಟಲ್ ಜಾ’ ಎರಡಕ್ಕೂ ‘ಕುತ್ತಿಗೆ ಬಾವು’ ಎಂದು ಹಾಕುವ ಅಭ್ಯಾಸವಿದೆ. ಮೊದಲನೆಯದು ಗಳಗಂಡ: ಗಂಟಲ ಬಳಿ, ಗಟ್ಟಿ, ಹುಟ್ಟಿದ ಮರಿಯಲ್ಲೇ ಕಾಣಬಹುದು, ಸತ್ತು ಹುಟ್ಟಿದ, ಕೂದಲಿಲ್ಲದ ಮರಿಗಳೂ ಜೊತೆಗಿರಬಹುದು. ಅಯೋಡಿನ್ ಉಪ್ಪು ಅದಕ್ಕೆ. ಎರಡನೆಯದು ‘ಗದ್ದದ ಬಾವು’: ದವಡೆಯ ಕೆಳಗೆ ಮೆತ್ತಗೆ ನೀರು ತುಂಬಿದಂತೆ, ಮೇದು ಬಂದ ಸಂಜೆ ದಪ್ಪ, ಬೆಳಿಗ್ಗೆಗೆ ಇಳಿದಿರುತ್ತದೆ. ಅದು ರಕ್ತ ಹೀರುವ ಜಂತುಹುಳದ್ದು, ಇಲ್ಲವೇ ನಾಲೆ ಬಯಲಿನ ಬಸವನಹುಳುವಿನಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳದ್ದು. ಅದಕ್ಕೆ ಎಷ್ಟು ಉಪ್ಪು ನೆಕ್ಕಿಸಿದರೂ ಇಳಿಯುವುದಿಲ್ಲ, ಹುಳದ ಮದ್ದೇ ಬೇಕು.