ಮ್ಯೂಸಿಯಂ ನೋಡಿ ಬರುತ್ತೇನೆ, ಆದರೆ ಅಲ್ಲಿಂದ ಹೊಸ ಕೆಲಸ ಹುಟ್ಟುವುದು ಹೇಗೆ?

ಶ್ರಾವ್ಯ, ಮಣ್ಣಗುಡ್ಡೆ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಊರಿನ ಯಾವುದಾದರೂ ಮ್ಯೂಸಿಯಂ ನೋಡಿ, ಅಲ್ಲಿಯ ಒಂದು ವಸ್ತು ಹಿಡಿದುಕೊಂಡು ಹೊಸ ಕೆಲಸ ಮಾಡಬೇಕು ಅಂತ ನಮಗೆ ಹೇಳಿದ್ದಾರೆ. ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ, ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಎಲ್ಲಾ ಸುತ್ತಿ ಬಂದೆ. ಸ್ಕೆಚ್ ಬುಕ್ ತುಂಬಿದೆ. ಆದರೆ ಈಗ ಪುಟ ತಿರುಗಿಸಿದರೆ ಎಲ್ಲಾ ಬರೀ ನಕಲು. ಕಂಬ ಇದ್ದ ಹಾಗೆ ಕಂಬ, ನಾಣ್ಯ ಇದ್ದ ಹಾಗೆ ನಾಣ್ಯ. ಕ್ಲಾಸಿನಲ್ಲಿ ಸುಮಾರು ಜನ ಭೂತಾರಾಧನೆಯ ಮೊಗ (ಮುಖವಾಡ), ಅಣಿ (ಬೆನ್ನಿಗೆ ಕಟ್ಟುವ ಅಲಂಕಾರದ ಚೌಕಟ್ಟು) ತೆಗೆದುಕೊಂಡು ಅಕ್ರಿಲಿಕ್‌ನಲ್ಲಿ ದೊಡ್ಡದಾಗಿ ಮಾಡುತ್ತಿದ್ದಾರೆ. ನೋಡಲು ಚಂದ ಉಂಟು, ಆದರೆ ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ದೊಡ್ಡ ಕಲಾವಿದರು ಮ್ಯೂಸಿಯಂಗೆ ಹೋದಾಗ ನಿಜವಾಗಿ ಏನನ್ನು ನೋಡುತ್ತಾರೆ? ಅಲ್ಲಿಂದ ಏನು ತೆಗೆದುಕೊಂಡು ಬರುತ್ತಾರೆ?

ಹರೀಶ, ಕುಂದಾಪುರ:

ಶ್ರಾವ್ಯ, ಇದಕ್ಕೆ ಉತ್ತರ ಹುಡುಕಲು ನಮ್ಮ ಕರಾವಳಿಯವರನ್ನೇ ನೋಡಿದರೆ ಸಾಕು. ಕಲಾವಿದ ಎಲ್.ಎನ್. ತಲ್ಲೂರು 1971ರಲ್ಲಿ ಇಲ್ಲೇ ಕೋಟೇಶ್ವರದಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಪೇಂಟಿಂಗ್ ಓದಿದರು, ಆಮೇಲೆ ಬರೋಡಾಕ್ಕೆ ಹೋಗಿ ಮ್ಯೂಸಿಯಾಲಜಿ ಓದಿದರು. ಅಂದರೆ ಹಳೆಯ ವಸ್ತುಗಳನ್ನು ಕೂಡಿಸಿ, ಕಾಪಾಡಿ, ಜನರ ಮುಂದೆ ಇಡುವುದನ್ನೇ ಕ್ರಮವಾಗಿ ಕಲಿತವರು. ಅವರದೊಂದು ವಿಡಿಯೋ ಉಂಟು, ‘ಇಂಟರ್‌ಫಿಯರೆನ್ಸ್’ ಅಂತ, 2019ರದ್ದು. ಗುಜರಾತಿನ ಜುನಾಗಢ ಮ್ಯೂಸಿಯಂನ ಹಳೆಯ ರತ್ನಗಂಬಳಿಯನ್ನು ಬಡಿದು ಧೂಳು ಕೊಡವುತ್ತಾರೆ, ಅಷ್ಟೇ. ಆದರೆ ಅದನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿದ್ದಾರೆ. ಒಂದೊಂದು ಏಟಿಗೂ ಎಷ್ಟೋ ಕಾಲದಿಂದ ನೂಲಿನೊಳಗೆ ಕೂತಿದ್ದ ಧೂಳು ನಿಧಾನವಾಗಿ ಮೇಲೇಳುತ್ತದೆ, ಹರಡುತ್ತದೆ, ಇಳಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗಂಬಳಿಯ ಬಳ್ಳಿ ಹೂವು ಬರೆದುಕೊಂಡು ಬರುತ್ತಿದ್ದರು, ಅಲ್ವಾ? ಇವರ ಕಣ್ಣು ಹೋದದ್ದು ಅದನ್ನು ಕಾಪಾಡುವ ಕೆಲಸದ ಮೇಲೆ.

ಇನ್ನೊಬ್ಬ ಕಲಾವಿದ ಸುದರ್ಶನ್ ಶೆಟ್ಟಿ ಕೂಡ ಕರಾವಳಿಯವರೇ, ಮಂಗಳೂರಿನಲ್ಲಿ ಹುಟ್ಟಿದವರು, 1961ರಲ್ಲಿ. ತಂದೆ ಯಕ್ಷಗಾನ ಕಲಾವಿದರು. ಮುಂಬಯಿಯ ಭಾವು ದಾಜಿ ಲಾಡ್ ಮ್ಯೂಸಿಯಂ 1872ರಲ್ಲಿ ಶುರುವಾದದ್ದು, ದುರಸ್ತಿ ಮಾಡಿ 2008ರಲ್ಲಿ ಮತ್ತೆ ತೆರೆದರು. 2010ರಲ್ಲಿ ಅಲ್ಲಿ ಶೆಟ್ಟರ ಪ್ರದರ್ಶನ ಆಯಿತು, ಮರುವರ್ಷ ತಲ್ಲೂರರದ್ದು. ಹಳೆಯ ಶೋಕೇಸುಗಳು, ಮಣ್ಣಿನ ಗೊಂಬೆಗಳು ಇರುವ ಕಟ್ಟಡದಲ್ಲೇ ಹೊಸ ಕೆಲಸವೂ ಬಂದು ನಿಂತರೆ ನೋಡುವವರು ಎರಡನ್ನೂ ಬೇರೆ ಥರ ನೋಡಬೇಕಾಗುತ್ತದೆ.

ಹೊರದೇಶದ ಒಂದು ಉದಾಹರಣೆ ಹೇಳಿಬಿಡುತ್ತೇನೆ, ಯಾಕೆಂದರೆ ಇದಕ್ಕಿಂತ ಗಟ್ಟಿ ಪಾಠ ನನಗೆ ಬೇರೆ ಸಿಕ್ಕಿಲ್ಲ. 1992ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫ್ರೆಡ್ ವಿಲ್ಸನ್ ಎಂಬ ಕಲಾವಿದ ಅಲ್ಲಿಯ ಇತಿಹಾಸ ಮ್ಯೂಸಿಯಂನ ಉಗ್ರಾಣಕ್ಕೇ ಇಳಿದರು. ಹೊಸದಾಗಿ ಕೆತ್ತಲಿಲ್ಲ, ಎರಕ ಹೊಯ್ಯಲಿಲ್ಲ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಶ್ರೀಮಂತರ ಮನೆಯ ಕುಸುರಿ ಬೆಳ್ಳಿ ಹೂಜಿ, ಲೋಟಗಳನ್ನು ಜೋಡಿಸಿದರು, ಅದರ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ ಇಟ್ಟರು. ಲೇಬಲ್ ಏನು ಗೊತ್ತುಂಟಾ? ‘ಲೋಹದ ಕೆಲಸ, 1793-1880’. ಎಲ್ಲವೂ ಅದೇ ಮ್ಯೂಸಿಯಂನ ಸೊತ್ತು. ಅಲ್ಲಿಯವರೆಗೆ ಬೆಳ್ಳಿ ಮಾತ್ರ ಜನರ ಮುಂದಿತ್ತು, ಬೇಡಿ ಉಗ್ರಾಣದೊಳಗಿತ್ತು. ಹಾಗಾಗಿ ನೀವು ಇನ್ನೊಮ್ಮೆ ಹೋಗುವಾಗ ಸುಮ್ನೆ ಬರೆಯಲು ಕೂರಬೇಡಿ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಾರೆ, ಲೇಬಲ್‌ನಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ನೋಡಿ.

ವಿನಯಾ, ಉಡುಪಿ:

ನಾನು ಮ್ಯೂಸಿಯಂ ಸಂಗ್ರಹದ ಪಟ್ಟಿ ಮಾಡುವ ಕೆಲಸದಲ್ಲಿದ್ದವಳು. ಹರೀಶ್ ಅವರು ಹೇಳಿದ್ದು ನಿಜ, ಹೊರಗೆ ಕಾಣುವುದು ಸ್ವಲ್ಪ ಮಾತ್ರ. ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಹೋಗಿ, ರಿಜಿಸ್ಟರ್ ನೋಡಬಹುದಾ ಅಂತ ಕೇಳಿ. ಯಾವ ವಸ್ತು ಯಾರ ಮನೆಯಿಂದ ಬಂತು, ಕೊಂಡದ್ದೋ ದಾನವೋ, ಬಂದಾಗ ಹೇಗಿತ್ತು, ಇದೆಲ್ಲಾ ಅದರಲ್ಲಿ ಇರುತ್ತದೆ. ಎಷ್ಟೋ ಕಡೆ ‘ಕಾಲು ಮುರಿದಿದೆ’, ‘ಬಣ್ಣ ಹೋಗಿದೆ’ ಅಂತ ಒಂದೇ ಸಾಲು ಬರೆದಿರುತ್ತಾರೆ, ಆ ಒಂದು ಸಾಲಿನಿಂದಲೇ ಕೆಲಸ ಹುಟ್ಟಬಹುದು. ಪೆನ್ಸಿಲ್ ಮಾತ್ರ ಹಿಡಿದುಕೊಂಡು ಹೋಗಿ, ಇಂಕ್ ಬೇಡ. ಫೋಟೋಕ್ಕೆ ಮೊದಲೇ ಕೇಳಿ, ಫ್ಲಾಶ್ ಹಾಕಲೇಬೇಡಿ, ಹಳೆಯ ಬಣ್ಣಕ್ಕೂ ಬಟ್ಟೆಗೂ ಬೆಳಕು ಒಳ್ಳೆಯದಲ್ಲ.

ಪ್ರಶಾಂತ, ಬಾರ್ಕೂರು:

ಮೊಗದ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಮುಟ್ಟಲಿಲ್ಲ. ಇಲ್ಲೇ ಹತ್ತಿರ ಮೆಕ್ಕೆಕಟ್ಟಿನಲ್ಲಿ ಭೂತಗಳ ದೇವಸ್ಥಾನ ಉಂಟು. ಆಳೆತ್ತರದ, ಅದಕ್ಕಿಂತ ದೊಡ್ಡ ಮರದ ಮೂರ್ತಿಗಳು ಸಾಲಾಗಿ ನಿಂತಿವೆ, ಕೆಂಪು ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಈಗ ಅಲ್ಲಿರುವುದು ಹೊಸ ಮೂರ್ತಿಗಳು. ಹಳೆಯವು ಹಲವು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ. ಅಲ್ಲಿ ಅವನ್ನು ಬಣ್ಣ ಮಾಸಿದ ಮರದಲ್ಲಿ ನೋಡಿದವರು ‘ಎಂಥಾ ಶಿಲ್ಪ’ ಅನ್ನುತ್ತಾರೆ. ಇಲ್ಲಿ ಅದೇ ರೂಪಕ್ಕೆ ಹೂವು, ದೀಪ, ಹರಕೆ. ಜೀರ್ಣವಾದ ಮೂರ್ತಿ ಬದಲಿಸುವುದು ನಮ್ಮಲ್ಲಿ ಇರುವ ಕ್ರಮವೇ, ಮ್ಯೂಸಿಯಂನವರು ತೆಗೆದಿಟ್ಟದ್ದರಿಂದ ಹಳೆಯ ಕೆತ್ತನೆ ಉಳಿಯಿತು, ಅದಕ್ಕೆ ನನಗೆ ಸಂತೋಷ ಉಂಟು. ಆದರೆ ಕಲಾವಿದರು ಈ ಎರಡು ಜಾಗದ ನಡುವಿನ ದಾರಿಯನ್ನು ಯೋಚಿಸದೆ ಬರೀ ಕಣ್ಣು, ಕೋರೆಹಲ್ಲು ಎತ್ತಿಕೊಂಡರೆ ನನಗೆ ನೋವಾಗುತ್ತದೆ. 1907ರಲ್ಲಿ ಪಿಕಾಸೊ ಪ್ಯಾರಿಸ್‌ನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡ ನೋಡಿದ್ದು, ಅದರಿಂದ ಅವರ ಚಿತ್ರ ಬದಲಾದದ್ದು ಎಲ್ಲರಿಗೂ ಗೊತ್ತು. ಆ ಮುಖವಾಡ ಕೆತ್ತಿದವರ ಹೆಸರು ಯಾರಾದರೂ ಹೇಳುತ್ತಾರಾ? ನಾವೂ ನಮ್ಮದೇ ಜನಕ್ಕೆ ಹಾಗೆ ಮಾಡಬಾರದು. ಮೊಗ ಬಳಸುವುದೇ ಆದರೆ ಮೊದಲು ಒಂದು ಕೋಲಕ್ಕೆ, ಅಂದರೆ ರಾತ್ರಿ ನಡೆಯುವ ಭೂತದ ಆರಾಧನೆಗೆ ಹೋಗಿ ಬೆಳಗ್ಗಿನವರೆಗೆ ಕೂತು ನೋಡಿ, ಭೂತದ ವೇಷ ಕಟ್ಟುವವರ ಹತ್ತಿರ ಮಾತಾಡಿ, ಮೊಗ ಮಾಡಿದವರು ಯಾರು ಕೇಳಿ. ಆಮೇಲೂ ಬೇಕು ಅನಿಸಿದರೆ ಮಾಡಿ.

ಶ್ರಾವ್ಯ, ಮಣ್ಣಗುಡ್ಡೆ:

ಪ್ರಶಾಂತಣ್ಣ, ನನ್ನ ಮನಸ್ಸು ಯಾಕೆ ಒಪ್ಪಲಿಲ್ಲ ಅಂತ ಈಗ ಸ್ಪಷ್ಟವಾಯಿತು. ಮೊಗ ನಾನು ಮುಟ್ಟುವುದಿಲ್ಲ, ಕನಿಷ್ಠ ಈ ಸಲ. ವಿನಯಕ್ಕ, ಪತ್ರಕ್ಕೆ ನಾಳೆಯೇ ಕೇಳುತ್ತೇನೆ. ನನಗೆ ತುಂಬಾ ದಿನದಿಂದ ಮಂಗಳೂರು ಹಂಚಿನ ಮೇಲೆ ಆಸೆ. ಅದರಲ್ಲಿ ಏನಾದರೂ ಉಂಟಾ? ಎಲ್ಲರ ಮನೆ ಮಾಡಿನಲ್ಲೂ (ಛಾವಣಿಯಲ್ಲೂ) ಇರುವ ವಸ್ತು, ತೀರಾ ಸಾಮಾನ್ಯ ಅನಿಸುವುದಿಲ್ಲವಾ?

ಹರೀಶ, ಕುಂದಾಪುರ:

ಸಾಮಾನ್ಯ ಆದ್ದರಿಂದಲೇ ಒಳ್ಳೆಯದು! ಒಂದು ಹಳೆಯ ಹಂಚನ್ನು ಕವುಚಿ ಹಾಕಿ ನೋಡಿ. ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಅಚ್ಚೊತ್ತಿರುತ್ತದೆ, ಸುತ್ತ ಹೊಗೆಯ ಮಸಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹಂಚಿನಲ್ಲಿ 1865 ಅಂತ ಇರುತ್ತದೆ, ಆಲ್ಬುಕರ್ಕ್‌ನವರದ್ದರಲ್ಲಿ 1868. ಸುಮಾರು ಜನ ಅದನ್ನು ನೋಡಿ ಹಂಚು ಆ ವರ್ಷದ್ದು ಅಂದುಕೊಳ್ಳುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಎಷ್ಟೋ ಕಾಲ ಬಿಟ್ಟು ಸುಟ್ಟದ್ದಾಗಿರಬಹುದು. ನೇತ್ರಾವತಿ, ಗುರುಪುರ ನದಿ ಬದಿಯ ಜೇಡಿಮಣ್ಣು, ಜರ್ಮನ್ ಮಿಷನರಿಗಳ ಅಚ್ಚು, ನಮ್ಮವರ ಕೈ, ಕೊನೆಗೆ ಹಡಗು ಹತ್ತಿ ಎಲ್ಲೆಲ್ಲಿಗೋ ಹೋದ ಮಾಲು. ಅದರ ಮೇಲೆ ಕಂಪನಿಯ ಹೆಸರಿದೆ, ಮಣ್ಣು ತುಳಿದವರ ಹೆಸರಿಲ್ಲ. ಪ್ರಶಾಂತ್ ಕೇಳಿದ ಪ್ರಶ್ನೆ ಇಲ್ಲಿಯೂ ಹಾಗೇ ನಿಲ್ಲುತ್ತದೆ ನೋಡಿ.

ವಿನಯಾ, ಉಡುಪಿ:

ಶ್ರಾವ್ಯ, ಬಾಸೆಲ್ ಮಿಷನ್‌ನ ಹಳೆಯ ಫೋಟೋಗಳ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಉಂಟು, ಆನ್‌ಲೈನ್‌ನಲ್ಲಿ ನೋಡಲು ಸಿಗುತ್ತದೆ. ಮಂಗಳೂರು ಅಂತ ಹುಡುಕಿ. ಬಳಸುವ ಮೊದಲು ಅವರ ಅನುಮತಿ ಕೇಳಬೇಕು, ಇಮೇಲ್ ಬರೆದರೆ ಆಯಿತು. ಹಂಚಿಗೆ ಮ್ಯೂಸಿಯಂಗಿಂತ ಹಳೆ ಮನೆ ಕೆಡವುವ ಕಡೆ ಹೋಗುವುದೇ ಒಳ್ಳೆಯದು, ರಾಶಿ ಹಾಕಿರುತ್ತಾರೆ, ಬೇರೆ ಬೇರೆ ಕಾರ್ಖಾನೆಯದ್ದು ಒಂದೇ ಮಾಡಿನಲ್ಲಿ ಸಿಗುತ್ತದೆ. ಆರಿಸುವಾಗ ಒಡೆದದ್ದನ್ನು ಬಿಡಬೇಡಿ, ಆ ಮನೆ ಯಾರದ್ದು, ಯಾವ ಊರಿನದ್ದು ಅಂತ ಕೇಳಿ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ತೊಳೆಯಬೇಡಿ, ಆ ಮಸಿ ಹೋದರೆ ಮತ್ತೆ ಸಿಗುವುದಿಲ್ಲ.