ಎನ್‌ಸಿಎಎ ಟೂರ್ನಿಗೆ ಎಲ್ಲ ತಂಡಗಳನ್ನೂ ಸೇರಿಸಿದರೆ ಲೆಕ್ಕ ಕೂಡುತ್ತದಾ?

ಪ್ರಶ್ನೆ:
ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿ 1939ರಲ್ಲಿ 8 ತಂಡಗಳಿಂದ ಶುರುವಾಯಿತು. 1975ಕ್ಕೆ 32, 1985ಕ್ಕೆ 64, 2011ಕ್ಕೆ 68. ಹೀಗೆ ಚೂರುಚೂರೇ ಹಿಗ್ಗಿಸುವ ಬದಲು ಅತ್ಯುನ್ನತ ದರ್ಜೆಯಾದ ಡಿವಿಷನ್ 1ರ ಎಲ್ಲರನ್ನೂ ಒಮ್ಮೆಲೇ ಸೇರಿಸಿದರೆ ಏನು ತೊಂದರೆ? 2021ರ ಟೂರ್ನಿಗೆ ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸ್‌ನ (ಕಾಲೇಜು ತಂಡಗಳ ಗುಂಪು) ಕೋಚ್‌ಗಳೇ ಇದನ್ನು ಕೇಳಿದ್ದರಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ 1:
2024-25ರಲ್ಲಿ ಡಿವಿಷನ್ 1ರಲ್ಲಿ ಇದ್ದದ್ದು 364 ತಂಡ. ನಾಕೌಟ್‌ನಲ್ಲಿ ಒಬ್ಬರು ಗೆಲ್ಲಬೇಕಾದರೆ 363 ತಂಡ ಸೋಲಬೇಕು, ಹಾಗಾಗಿ 363 ಪಂದ್ಯ. 68 ತಂಡಗಳ ಟೂರ್ನಿಯಲ್ಲಿ ನಡೆಯುವುದು 67. ಕೆಳಗಿನ 216 ತಂಡಗಳು 108 ಪಂದ್ಯ ಆಡಿ, ಮೇಲಿನ 148ಕ್ಕೆ ಬೈ (ಆಡದೆಯೇ ಮುಂದಿನ ಸುತ್ತು) ಕೊಟ್ಟರೆ 256 ಉಳಿಯುತ್ತವೆ. ಆಮೇಲೆ 128, ಆಮೇಲೆ 64. ಈಗಿನ ಮೊದಲ ಸುತ್ತಿನ ಹೊಸ್ತಿಲಿಗೆ ಬರುವಷ್ಟರಲ್ಲೇ 300 ಪಂದ್ಯ ಮುಗಿದಿರುತ್ತವೆ! ದಿನ ಬಿಟ್ಟು ದಿನ ಆಡಿಸಿದರೂ ಪ್ರಯಾಣ ಸೇರಿ ಒಂದು ವಾರ ಹೋಯಿತು.

ಅಷ್ಟು ಪಂದ್ಯಕ್ಕೆ ತಟಸ್ಥ ಅಂಗಣ ಹೊಂದಿಸುವುದು ಆಗದ ಮಾತು. ಮಹಿಳಾ ಟೂರ್ನಿಯಲ್ಲಿ ಅಗ್ರ 16 ತಂಡಗಳು ಮೊದಲೆರಡು ಸುತ್ತನ್ನು ತಮ್ಮಲ್ಲೇ ನಡೆಸುತ್ತವಲ್ಲ, ಇಲ್ಲೂ ಹಾಗೇ ಮೇಲಿನ ಶ್ರೇಯಾಂಕದವರ ಅಂಗಣಕ್ಕೇ ಹೋಗಬೇಕು. ಎಡವಟ್ಟಾಗುವುದು ಅಲ್ಲಿಯೇ. 148ನೇ ಸ್ಥಾನಕ್ಕೆ ಬೈ, 149ಕ್ಕೆ ಇಲ್ಲ. ಎನ್‌ಸಿಎಎ ತಂಡಗಳನ್ನು ಅಳೆಯುವ ‘ನೆಟ್’ ರ‍್ಯಾಂಕಿಂಗ್‌ನಲ್ಲಿ ಆ ಇಬ್ಬರ ನಡುವೆ ಕೂದಲೆಳೆಯ ಅಂತರ ಇರಬಹುದು, ಫಲ ಮಾತ್ರ ಒಂದು ಪೂರ್ತಿ ಪಂದ್ಯ.

ಉತ್ತರ 2:
ಮೇಲಿನವರ ಲೆಕ್ಕ ಸರಿ, ಆದರೆ ಆ ವಾರ ಖಾಲಿ ಇಲ್ಲ ಸರ್. ಕಾನ್ಫರೆನ್ಸ್ ಟೂರ್ನಿಗಳು ನಡೆಯುವುದೇ ಆಗ. ನನ್ನ ಪ್ರಕಾರ ನೀವು ಕೇಳುತ್ತಿರುವ ಮುಕ್ತ ಟೂರ್ನಿ ಅವೇ. ಬಹುಪಾಲು ತಂಡಗಳು ಅಲ್ಲಿ ಆಡುತ್ತವೆ, ಸೀಸನ್ನಿನಲ್ಲಿ ಕೊನೆಯ ಸಾಲಿನಲ್ಲಿದ್ದವರೂ ಸತತ ನಾಲ್ಕೈದು ಗೆದ್ದರೆ ನೇರ ಪ್ರವೇಶ. ಐವಿ ಲೀಗ್‌ನಂಥವು ಬೇರೆ, ಅಲ್ಲಿ 8ರಲ್ಲಿ 4 ತಂಡಕ್ಕೆ ಮಾತ್ರ ಅವಕಾಶ.

ಎಲ್ಲರನ್ನೂ ಸೇರಿಸಲು ಅವನ್ನು ಕಿತ್ತುಹಾಕಿದರೆ ಪೆಟ್ಟು ಬೀಳುವುದು ಸಣ್ಣವರಿಗೇ. ಇಂದು ಸಣ್ಣ ಕಾನ್ಫರೆನ್ಸ್ ಚಾಂಪಿಯನ್‌ಗೆ ಒಂದು ಜಾಗ ಖಾತ್ರಿ, ಅದರ ಜೊತೆಗೆ ಕಾನ್ಫರೆನ್ಸ್‌ಗೆ ಆರು ವರ್ಷ ಕಂತಿನಲ್ಲಿ ಬರುವ ಒಂದು ‘ಯೂನಿಟ್’ ಹಣವೂ (ಟೂರ್ನಿಯಲ್ಲಿ ಆಡಿದ ಪಂದ್ಯಕ್ಕೆ ಸಿಗುವ ಆದಾಯದ ಪಾಲು) ಖಾತ್ರಿ. 2023ರಲ್ಲಿ ಸಣ್ಣ ತಂಡ ಫೇರ್ಲಿ ಡಿಕಿನ್ಸನ್ 63-58ರಿಂದ ಅಗ್ರ ಶ್ರೇಯಾಂಕದ ಪರ್ಡ್ಯೂವನ್ನು ಬೀಳಿಸಿತಲ್ಲ, ಮುಕ್ತ ಪದ್ಧತಿ ಇದ್ದಿದ್ದರೆ ಅದು ಮೊದಲು ಪರರ ಅಂಗಣಗಳಲ್ಲಿ ಸಾಲಾಗಿ ಗೆದ್ದುಬರಬೇಕಿತ್ತು. ಪರ್ಡ್ಯೂ ಎದುರಿಗೆ ಬರುವ ಮೊದಲೇ ಕಥೆ ಮುಗಿಯುತ್ತಿತ್ತೇನೋ.

ಉತ್ತರ 3:
ಆ ವರ್ಷ ಫೇರ್ಲಿ ಡಿಕಿನ್ಸನ್ ಇರುವ ಎನ್‌ಇಸಿ ಕಾನ್ಫರೆನ್ಸ್‌ನ ಫೈನಲ್ ಗೆದ್ದದ್ದು ಮೆರಿಮ್ಯಾಕ್, 67-66. ಡಿವಿಷನ್ 2ರಿಂದ ಮೇಲೆ ಬರುವ ಪರಿವರ್ತನೆಯ ಅವಧಿ ಮುಗಿದಿರಲಿಲ್ಲ ಅಂತ ಅವರಿಗೆ ಅರ್ಹತೆ ಸಿಗದೆ ಜಾಗ ಸೋತ ಫೇರ್ಲಿ ಡಿಕಿನ್ಸನ್ ಪಾಲಾಯಿತು. ‘ಎಲ್ಲರೂ’ ಅನ್ನುವ ಮುಂಚೆ ಇಂಥವರನ್ನೂ ಸೇರಿಸುತ್ತೀರಾ ಅಂತ ತೀರ್ಮಾನಿಸಿ.

ಮಾಡಲೇಬೇಕು ಅಂದರೆ ಮೂರು ಷರತ್ತು ಬರೆದುಕೊಳ್ಳಿ: ನಿಯಮಿತ ಸೀಸನ್ ಗೆದ್ದ ಎಲ್ಲ ಚಾಂಪಿಯನ್‌ಗಳಿಗೂ 64ರ ಹಂತದವರೆಗೆ ಬೈ, ಮೊದಲ ಸುತ್ತಿನ ಜೋಡಿಗಳು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದವು, ಯೂನಿಟ್ ಲೆಕ್ಕ 64ರಿಂದ ಮಾತ್ರ. ಕೊನೆಯ ಷರತ್ತನ್ನು ಕೈಬಿಟ್ಟರೆ ಅದೇ ಗಂಟನ್ನು 300 ಪಂದ್ಯಗಳಿಗೂ ಹಂಚಿ ಯಾರ ಕೈಗೂ ಏನೂ ದಕ್ಕುವುದಿಲ್ಲ.