ಪದಚರ್ಚೆ: ವಿಡಿಯೊ ಕ್ಯಾಮೆರಾದ ‘ಗೇನ್’, ‘ನಾಯ್ಸ್’ – ‘ಜೊಳ್ಳು’ ಎನ್ನಬಹುದೇ?

ಮಾನ್ಯರೇ,

ಬಯಲಾಟ, ತಾಳಮದ್ದಳೆಗಳನ್ನು ಕಡಿಮೆ ಬೆಲೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಚಿತ್ರೀಕರಿಸುವ ಹವ್ಯಾಸಿಗಳಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದು, ಚಿತ್ರಕ್ಕೂ ಧ್ವನಿಗೂ ಸಮಾನವಾಗಿ ಸಲ್ಲುವ ಎರಡು ಪದಗಳ ಬಳಿ ಬಂದು ನಿಂತಿದ್ದೇನೆ.

ಮೊದಲನೆಯದು ‘ಗೇನ್’. ಈ ಕ್ಯಾಮೆರಾಗಳ ಸೆನ್ಸರ್ ಚಿಕ್ಕದಾದ್ದರಿಂದ, ಬೆಳಕು ಸಾಲದೆ ಹೋದಾಗ ಅವು ಸಿಕ್ಕಷ್ಟು ಸಂಕೇತವನ್ನೇ (ಸಿಗ್ನಲ್) ತಾವಾಗಿ ಹಿಗ್ಗಿಸಿಕೊಳ್ಳುತ್ತವೆ; ಹೀಗೆ ಹಿಗ್ಗಿಸುವ ಪ್ರಮಾಣವೇ ಗೇನ್, ಅದರ ಅಳತೆ ಡೆಸಿಬೆಲ್‌ನಲ್ಲಿ. 6 ಡೆಸಿಬೆಲ್ ಏರಿಸಿದರೆ ಸಂಕೇತ ಇಮ್ಮಡಿಯಾಗುತ್ತದೆ, 18 ಏರಿಸಿದರೆ ಸುಮಾರು ಎಂಟು ಪಟ್ಟಾಗುತ್ತದೆ. ಇದನ್ನು ‘ಗಳಿಕೆ’ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಹೊಸ ಬೆಳಕನ್ನು ಇಲ್ಲಿ ಯಾರೂ ಗಳಿಸಿಲ್ಲ. ‘ವರ್ಧನೆ’ ಅರ್ಥಕ್ಕೆ ಹೊಂದುತ್ತದೆಯಾದರೂ ಕ್ಯಾಮೆರಾದ ಪರದೆಯಲ್ಲಿ ಕಾಣುವುದು ‘ಗೇನ್’ ಆದ್ದರಿಂದ ಅದನ್ನೇ ಉಳಿಸಿಕೊಳ್ಳುವುದು ಲೇಸು.

ತೊಡಕಿರುವುದು ‘ನಾಯ್ಸ್’ನಲ್ಲಿ. ಮೈಕಿನಲ್ಲಿ ಕೇಳುವ ‘ಸ್ಸ್’ ಎಂಬ ಸಣ್ಣ ಸುಯ್ಲನ್ನು ‘ಗದ್ದಲ’ ಎನ್ನಲಾಗದು; ಕತ್ತಲ ಚಿತ್ರದಲ್ಲಿ ಕುದಿಯುವ ಚುಕ್ಕೆಗಳಿಗಂತೂ ‘ಸದ್ದು’ ಒಗ್ಗುವುದೇ ಇಲ್ಲ. ಮದುವೆ ವಿಡಿಯೊದವರು ‘ಗ್ರೇನ್ಸ್ ಬಂದಿದೆ’ ಎನ್ನುತ್ತಾರೆ. ಅದನ್ನು ‘ಕಾಳು’ ಎಂದು ಕನ್ನಡಿಸಿದರೆ ಅರ್ಥ ತಲೆಕೆಳಗಾಗುತ್ತದೆ, ಏಕೆಂದರೆ ನಮ್ಮಲ್ಲಿ ಕಾಳೆಂದರೆ ಉಳಿಸಿಕೊಳ್ಳಬೇಕಾದದ್ದು, ತೂರಿ ಬಿಡಬೇಕಾದದ್ದು ಜೊಳ್ಳು. ಹಾಗಾದರೆ ಸಂಕೇತವನ್ನು ‘ಕಾಳು’, ನಾಯ್ಸನ್ನು ‘ಜೊಳ್ಳು’ ಎಂದೇ ಏಕೆ ಕರೆಯಬಾರದು? ‘ಗೇನ್ ಏರಿಸಿದರೆ ಕಾಳಿನೊಡನೆ ಜೊಳ್ಳೂ ಏರುತ್ತದೆ, ವೇಷದ ಹತ್ತಿರ ಇನ್ನೊಂದು ದೀಪವಿಟ್ಟರೆ ಕಾಳಿನ ಪಾಲು ಹೆಚ್ಚುತ್ತದೆ’ ಎಂದು ಬರೆದಾಗ ವಿವರಣೆ ಬೇಕಾಗಲಿಲ್ಲ. ಮೈಕಿಗೂ ಇದೇ ಮಾತು ನಿಲ್ಲುತ್ತದೆ: ಬಯಲಿನಲ್ಲಿ ಭಾಗವತರಿಗೂ ಮೈಕಿಗೂ ನಡುವಿನ ದೂರವನ್ನು ಅರ್ಧಕ್ಕಿಳಿಸಿದರೆ ಅವರ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗೇನನ್ನು ಅಷ್ಟೇ ಇಳಿಸಬಹುದು. ಒಂದೇ ಅಳುಕೆಂದರೆ, ತಾಳಮದ್ದಳೆಯ ಸಂದರ್ಭದಲ್ಲಿ ‘ಧ್ವನಿಯಲ್ಲಿ ಜೊಳ್ಳು ಹೆಚ್ಚಾಗಿದೆ’ ಎಂದು ಬರೆದರೆ ಅರ್ಥಧಾರಿಗಳು ತಮ್ಮ ಮಾತಿನ ವಿಮರ್ಶೆಯೆಂದು ತಿಳಿದಾರು.

ಇದಕ್ಕೇ ಹೊಂದಿಕೊಂಡ ಇನ್ನೊಂದು ಪ್ರಶ್ನೆಯಿದೆ. ಧ್ವನಿಯ ಗೇನನ್ನು ಕ್ಯಾಮೆರಾಕ್ಕೇ ಬಿಟ್ಟಾಗ, ಚೆಂಡೆಯ ಪೆಟ್ಟು ಬಿದ್ದೊಡನೆ ಅದು ಮಟ್ಟವನ್ನು ತಗ್ಗಿಸುವುದರಿಂದ ಮುಂದಿನ ಪದ್ಯದ ಮೊದಲಕ್ಷರಗಳು ಮುಳುಗುತ್ತವೆ. ಮೌನ ಬಂದಾಗ ಮತ್ತೆ ಮೇಲೆತ್ತುವುದರಿಂದ ದೂರದ ಜನರೇಟರ್ ಕೂಡ ಕೇಳತೊಡಗುತ್ತದೆ. ಈ ಏರಿಳಿತಕ್ಕೆ ನಾನು ಸದ್ಯಕ್ಕೆ ‘ಉಬ್ಬಸ’ ಎಂದು ಬರೆದಿದ್ದೇನೆ. ‘ಏದುಸಿರು’ ಇದಕ್ಕಿಂತ ಮೇಲೆನಿಸುತ್ತದೆಯೇ, ಅಥವಾ ನಿಮ್ಮ ಕಡೆಯ ಮೈಕ್‌ಸೆಟ್ಟಿನವರ ಬಾಯಲ್ಲಿ ಬೇರೆಯೇ ಪದವಿದೆಯೇ?